ಓದುಗರ ಪ್ರಶ್ನೆ: ವಾರ್‌ಬರ್ಡ್ ಶೋಗೆ ನನ್ನ ಮಸ್ಟಾಂಗ್ ನಡೆಯುತ್ತಾ?

ಪ್ರಶ್ನೆ: ನಾನು ಅಮೆರಿಕದ ಒಹಾಯೋದಲ್ಲಿದ್ದೀನಿ, ಊರು ದಾವಣಗೆರೆ. ನನ್ನ ಹತ್ರ 1,200 ಮಿ.ಮೀ. ರೆಕ್ಕೆಯ ಫೋಮ್ ಪಿ-51 ಮಸ್ಟಾಂಗ್ ಯುದ್ಧವಿಮಾನದ ಮಾಡೆಲ್ ಇದೆ, ಬ್ಯಾಟರಿದು. ಇಲ್ಲೊಂದು ಆರ್‌ಸಿ (ರಿಮೋಟ್‌ನಿಂದ ಹಾರಿಸೋ ಮಾಡೆಲ್) ಕ್ಲಬ್‌ನವರು ಯುದ್ಧವಿಮಾನಗಳ ಶೋ ಇಟ್ಕೊಂಡಿದ್ದಾರೆ, ಪೋಸ್ಟರಲ್ಲಿ ಎಎಂಎ ಕಾರ್ಡ್ ಕಡ್ಡಾಯ, ಐಎಂಎಎ ಸೈಜ್ ಅಂತಿದೆ. ಎಂಟ್ರಿ ಸಿಗುತ್ತಾ? ಮುಂದೆ ನಮ್ಮ ದೇಶದ ವಿಮಾನ ಮಾಡ್ಕೊಂಡು ಹೋದ್ರೆ ಹಾರಿಸೋಕೆ ಬಿಡ್ತಾರಾ?

ಉತ್ತರ: ತೊಡಕಿರೋದು ಆ ಸೈಜಲ್ಲೇ. ಐಎಂಎಎ ಅನ್ನೋದು ದೊಡ್ಡ ಮಾಡೆಲ್‌ಗಳ ಸಂಘ, ಅವರ ಲೆಕ್ಕದಲ್ಲಿ ಮಸ್ಟಾಂಗ್ ಥರ ಒಂದೇ ರೆಕ್ಕೆಯ ವಿಮಾನ ತುದಿಯಿಂದ ತುದಿಗೆ ಕನಿಷ್ಠ 80 ಇಂಚು ಇರಬೇಕು, ಮೇಲೊಂದು ಕೆಳಗೊಂದು ರೆಕ್ಕೆ ಇರೋದಾದ್ರೆ 60 ಇಂಚು, ಇಲ್ಲಾಂದ್ರೆ ಅಸಲಿ ವಿಮಾನದ ಸರಿಯಾಗಿ ಕಾಲು ಭಾಗ ಆಗಿರಬೇಕು. ನಿಮ್ಮದು 47 ಇಂಚು, ಅಸಲಿ ಮಸ್ಟಾಂಗ್ ರೆಕ್ಕೆ 37 ಅಡಿ, ಅದರ ಕಾಲು ಭಾಗ ಅಂದ್ರೇನೇ 111 ಇಂಚಾಯ್ತು, ಹಾಗಾಗಿ ಈ ಶೋಗೆ ಆಗಲ್ಲ. ಆದ್ರೆ ಸುಮಾರು ಕ್ಲಬ್‌ಗಳು ಸೈಜ್ ನೋಡಲ್ಲ, ಮಿಲಿಟರಿ ವಿಮಾನ ಆದ್ರೆ ಸಾಕು ಅಂತಾರೆ, ಅಂಥದ್ದು ಹುಡುಕಿ, ಖಂಡಿತ ಸಿಗುತ್ತೆ.

ಇನ್ನು ಕಾಗದಪತ್ರ. ಎಎಂಎ ಅಂದ್ರೆ 1936ರಿಂದ ಇರೋ ಅಲ್ಲಿನ ಮಾಡೆಲ್ ವಿಮಾನದವರ ಸಂಘ, ಪೈಲಟ್‌ಗಳ ಇನ್ಶೂರೆನ್ಸ್ ಅದರ ಸದಸ್ಯತ್ವದ ಜೊತೆಗೇ ಬರುತ್ತೆ, ಅದಕ್ಕೇ ಗೇಟಲ್ಲಿ ಮೊದಲು ಆ ಕಾರ್ಡ್ ಕೇಳೋದು. ಸರ್ಕಾರದ್ದು ಬೇರೆ: ಮಾಡೆಲ್ 250 ಗ್ರಾಂಗಿಂತ ಜಾಸ್ತಿ ತೂಗಿದ್ರೆ ಎಫ್‌ಎಎ (ಅಲ್ಲಿನ ವಿಮಾನಯಾನ ಇಲಾಖೆ) ರಿಜಿಸ್ಟ್ರೇಷನ್ ಬೇಕು, 5 ಡಾಲರ್, 3 ವರ್ಷ ನಡೆಯುತ್ತೆ, ಹವ್ಯಾಸಕ್ಕೆ ಹಾರಿಸೋರಿಗೆ ಒಂದೇ ನಂಬರ್ ಎಲ್ಲಾ ಮಾಡೆಲ್‌ಗೂ ಆಗುತ್ತೆ. ಆ ನಂಬರ್ ವಿಮಾನದ ಹೊರಮೈ ಮೇಲೆ ಕಾಣೋ ಹಾಗೆ ಬರೀಬೇಕು, ಬ್ಯಾಟರಿ ಮುಚ್ಚಳದ ಒಳಗೆ ಅಂಟಿಸಿದ್ರೆ ನಡೆಯಲ್ಲ. ಟ್ರಸ್ಟ್ ಅನ್ನೋ ಸುರಕ್ಷತಾ ನಿಯಮಗಳ ಆನ್‌ಲೈನ್ ಟೆಸ್ಟ್ ಫ್ರೀ, ಅದರ ಸರ್ಟಿಫಿಕೇಟ್ ಜೊತೆಗಿಟ್ಕೊಳ್ಳಿ. ರಿಮೋಟ್ ಐಡಿ ಮಾಡ್ಯೂಲ್ (ಹಾರೋವಾಗ ವಿಮಾನದ ಗುರುತು, ಇರೋ ಜಾಗ ರೇಡಿಯೋದಲ್ಲಿ ತಿಳಿಸೋ ಸಾಧನ) ಬೇಕಾ ಬೇಡ್ವಾ ಅನ್ನೋದು ಮೈದಾನದ ಮೇಲೆ ಹೋಗುತ್ತೆ, ಎಫ್‌ಎಎ ಮಾನ್ಯತೆ ಕೊಟ್ಟಿರೋ ಫ್ರಿಯಾ ಜಾಗ ಆದ್ರೆ ಬೇಡ.

ನಾನು ಒತ್ತಿ ಹೇಳೋದು ಫೇಲ್‌ಸೇಫ್ ಬಗ್ಗೆ, ಅಂದ್ರೆ ಸಿಗ್ನಲ್ ಕಡಿದುಹೋದ್ರೆ ಮೋಟರ್ ತಾನೇ ನಿಲ್ಲೋ ವ್ಯವಸ್ಥೆ. ಮನೇಲೇ ಪ್ರೊಪೆಲ್ಲರ್ ಬಿಚ್ಚಿಟ್ಟು, ಥ್ರಾಟಲ್ ಸ್ವಲ್ಪ ಕೊಟ್ಟು, ಟ್ರಾನ್ಸ್‌ಮಿಟರ್ ಆಫ್ ಮಾಡಿ ನೋಡಿ. ಮೋಟರ್ ನಿಲ್ಲಬೇಕು. ನಿಲ್ಲದೆ ತಿರುಗ್ತಾನೇ ಇದ್ರೆ ರಿಸೀವರ್ ಸೆಟ್ಟಿಂಗ್ ಸರಿಮಾಡೋ ತನಕ ಆ ವಿಮಾನ ಯಾವ ಮೈದಾನಕ್ಕೂ ಬೇಡ, ಬೇಲಿ ಆಚೆ ಮಕ್ಕಳು ಮರಿ ಕೂತಿರ್ತಾರೆ.

ನಮ್ಮ ವಿಮಾನ ಅಂದ್ರಲ್ಲ, ಮಾರುತ್ ಮಾಡಿ! ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಎಫ್-24 ಜೆಟ್ ಯುದ್ಧವಿಮಾನ, 1961ರ ಜೂನ್ 17ರಂದು ಮೊದಲ ಸಲ ಹಾರಿದ್ದು. ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್, ಇಂಥ ಶೋಗಳಲ್ಲಿ ಎಲ್ಲರ ಅಚ್ಚುಮೆಚ್ಚಿನ ಜರ್ಮನಿಯ ಫೋಕೆ-ವುಲ್ಫ್ 190 ಯುದ್ಧವಿಮಾನ ಮಾಡಿದ ಅದೇ ಮನುಷ್ಯ, ಅದನ್ನ ಹೇಳಿದ್ರೆ ಅಲ್ಲಿನ ಹಳೇ ಪೈಲಟ್‌ಗಳೇ ಹತ್ರ ಬಂದು ನೋಡ್ತಾರೆ. ಯುದ್ಧವಿಮಾನ ಅಂದ್ಮೇಲೆ ಯಾವ ದೇಶದ್ದು ಅನ್ನೋದು ಸಾಮಾನ್ಯವಾಗಿ ಅಡ್ಡಿ ಆಗಲ್ಲ, ಆದ್ರೆ ಕೆಲವು ಶೋ ಎರಡನೇ ಮಹಾಯುದ್ಧಕ್ಕೇ ನಿಲ್ಲಿಸ್ತವೆ, ಜೆಟ್ ಬಿಡಲ್ಲ. ಫೋಮ್ ಕತ್ತರಿಸೋಕೆ ಮುಂಚೆ ಶೋ ನಡೆಸೋರಿಗೆ ಒಂದು ಫೋನ್ ಮಾಡಿ ಕೇಳ್ಕೊಳ್ಳಿ.