ಏಳುವಾಗ ಹೊಟ್ಟೆಯ ನಡುವೆ ದಿಬ್ಬ: ಇದು ಹರ್ನಿಯಾನಾ?

ಪ್ರಶ್ನೆ: ಹೆರಿಗೆಯಾಗಿ ಎಂಟು ತಿಂಗಳಾಯಿತು. ಮಲಗಿದಲ್ಲಿಂದ ಏಳುವಾಗ ಹೊಟ್ಟೆಯ ನಡುವೆ ಉದ್ದಕ್ಕೂ ದಿಬ್ಬದ ಹಾಗೆ ಉಬ್ಬುತ್ತದೆ. ನೋವಿಲ್ಲ. ಸ್ನಾಯು ಹರಿದಿದೆ ಅಂತ ಕೆಲವರು ಹೆದರಿಸುತ್ತಿದ್ದಾರೆ. ಇದು ಹರ್ನಿಯಾ ಇರಬಹುದಾ?

ಉತ್ತರ: ಹೆದರಬೇಡಿ. ನೀವು ಹೇಳುತ್ತಿರುವುದು ಹರಿದ ಸ್ನಾಯುವಿನ ಲಕ್ಷಣವಲ್ಲ. ಹೊಟ್ಟೆಯ ನಡುಗೆರೆಯಲ್ಲಿ ಹರಿಯುವುದಕ್ಕೆ ಸ್ನಾಯುವೇ ಇಲ್ಲ!

ಹೊಕ್ಕುಳಿನ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಸ್ನಾಯು ಇದೆ. ಹೆಸರು ರೆಕ್ಟಸ್. ಜಿಮ್‌ಗೆ ಹೋಗುವವರು 'ಸಿಕ್ಸ್ ಪ್ಯಾಕ್' ಅಂತ ತೋರಿಸುವುದು ಇದನ್ನೇ. ಇವೆರಡರ ನಡುವೆ ಇರುವುದು ಬರೀ ನಾರಿನ ಪಟ್ಟಿ, ಲೀನಿಯಾ ಆಲ್ಬಾ. ಲ್ಯಾಟಿನ್‌ನಲ್ಲಿ ಹಾಗೆಂದರೆ ಬಿಳಿ ಗೆರೆ.

ಈ ಪಟ್ಟಿ ಹೇಗೆ ಆಗುತ್ತದೆ ಅನ್ನುವುದೇ ಸೊಗಸು. ಹೊಟ್ಟೆಯ ಪಕ್ಕಗಳಲ್ಲಿ ಒಂದರ ಮೇಲೊಂದು ಮೂರು ಸ್ನಾಯುಗಳಿವೆ. ಹೊರಗಿನದರ ಎಳೆಗಳು ಜೇಬಿಗೆ ಕೈ ಇಳಿಬಿಟ್ಟಾಗ ಬೆರಳು ಹೋಗುವ ದಿಕ್ಕಿನಲ್ಲಿ ಓರೆಯಾಗಿ ಇಳಿಯುತ್ತವೆ. ನಡುವಿನದರ ಎಳೆಗಳು ಬಹುಮಟ್ಟಿಗೆ ಅದಕ್ಕೆ ವಿರುದ್ಧ ಓರೆ. ಎಲ್ಲಕ್ಕಿಂತ ಒಳಗಿನದು ಟ್ರಾನ್ಸ್‌ವರ್ಸಸ್. ಅದು ನಡುಪಟ್ಟಿ ಬಿಗಿದಂತೆ ಅಡ್ಡಲಾಗಿ ಸುತ್ತುತ್ತದೆ. ಪ್ಲೈವುಡ್ ಗಟ್ಟಿಯಾಗುವುದೂ ಹೀಗೇ ಅಲ್ವಾ? ಮೂರೂ ಮುಂದಕ್ಕೆ ಬರುತ್ತಾ ತೆಳ್ಳಗಿನ ನಾರಿನ ಹಾಳೆಗಳಾಗಿ, ರೆಕ್ಟಸ್‌ಗೆ ಒರೆಯಂತೆ ಸುತ್ತಿಕೊಂಡು, ನಡುವೆ ಆ ಕಡೆಯ ಹಾಳೆಗಳ ಜೊತೆ ಹೆಣೆದುಕೊಳ್ಳುತ್ತವೆ. ಆ ಹೆಣಿಗೆಯೇ ಬಿಳಿ ಗೆರೆ.

ಬಸಿರಿನಲ್ಲಿ ಈ ಹೆಣಿಗೆ ಹಿಗ್ಗುತ್ತದೆ. ಎಷ್ಟೋ ಜನರಲ್ಲಿ ತಾನಾಗಿ ಕೂಡುತ್ತದೆ, ಕೆಲವರಲ್ಲಿ ಸಡಿಲವಾಗಿಯೇ ಉಳಿಯುತ್ತದೆ. ಎರಡು ರೆಕ್ಟಸ್‌ಗಳ ನಡುವೆ ಸುಮಾರು 2 ಸೆಂ.ಮೀ.ಗಿಂತ ಜಾಸ್ತಿ ಅಂತರವಿದ್ದರೆ ಡಯಾಸ್ಟಾಸಿಸ್ ಅನ್ನುತ್ತೇವೆ. ನೀವು ಏಳುವಾಗ ಒಳಗಿನ ಒತ್ತಡ ಏರುತ್ತದೆ, ಸಡಿಲ ಪಟ್ಟಿ ಉಬ್ಬುತ್ತದೆ. ಹರ್ನಿಯಾದಲ್ಲಿ ಗೋಡೆಗೆ ತೂತಾಗಿರುತ್ತದೆ. ಇಲ್ಲಿ ತೂತಿಲ್ಲ, ಹಾಗಾಗಿ ಕರುಳು ಸಿಕ್ಕಿಹಾಕಿಕೊಳ್ಳುವ ಭಯವೂ ಇಲ್ಲ. ಆದರೆ ಹೊಕ್ಕುಳು ಈ ಪಟ್ಟಿಯಲ್ಲಿ ಹುಟ್ಟಿನಿಂದಲೇ ಇರುವ ದುರ್ಬಲ ಜಾಗ. ಅಲ್ಲಿ ಎರಡೂ ಒಟ್ಟಿಗೆ ಇರಬಹುದು. ಅದಕ್ಕೇ ಒಮ್ಮೆ ವೈದ್ಯರ ಕೈಯಲ್ಲಿ ಮುಟ್ಟಿಸಿ ನೋಡಿಸಿ.

ಅಲ್ಲಿಯವರೆಗೆ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಸಿಟ್‌ಅಪ್ ಸದ್ಯಕ್ಕೆ ಬೇಡ. ಉಸಿರು ಬಿಡುತ್ತಾ ಕೆಳಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಿ. ಟ್ರಾನ್ಸ್‌ವರ್ಸಸ್‌ಗೆ ಕೆಲಸ ಕೊಡುವ ಸುಲಭ ದಾರಿ ಇದು. ಮುಂದಿನದನ್ನು ಫಿಸಿಯೋಥೆರಪಿಸ್ಟ್ ಹೇಳಿಕೊಡುತ್ತಾರೆ. ಉಬ್ಬು ಒಂದೇ ಕಡೆ ಗುಂಡಗೆ ಗಟ್ಟಿಯಾಗಿ, ಮಲಗಿದರೂ ಒಳಗೆ ಹೋಗದೆ, ನೋವು ಅಥವಾ ವಾಂತಿ ಶುರುವಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.