ಅಮೆರಿಕದ ಲೂಸಿಯಾನಾದ ಕ್ರಿಯೋಲ್ ಬೀರು, ಅಂದರೆ ವಸಾಹತು ಕಾಲದಿಂದ ಅಲ್ಲೇ ಬೆಳೆದುಬಂದ ಜನರ ಶೈಲಿಯ ಬೀರು, ಫ್ರೆಂಚ್ ಬೀರುಗಿಂತ ಹೇಗೆ ಬೇರೆ?

ಮುಂದಿನಿಂದ ನೋಡಿದರೆ ಗೊತ್ತಾಗುವುದು ಕಷ್ಟ. ಬಾಗಿದ ಕಾಲು, ಎತ್ತರದ ಎರಡು ಬಾಗಿಲು, ಉದ್ದನೆಯ ಲೋಹದ ಕೀಲು, ಎಲ್ಲ ಫ್ರೆಂಚ್ ಥರವೇ. ಹಿಂದೆ ಹೋಗಿ ನೋಡಿ. ಹೊರಗೆ ಮಹಾಗನಿ, ಚೆರ್ರಿ ಅಥವಾ ವಾಲ್‌ನಟ್ ಇದ್ದು, ಹಿಂಬದಿಯ ಹಲಗೆ ಮತ್ತು ಒಳಗಿನ ಅಡ್ಡಹಲಗೆಗಳು ಸೈಪ್ರೆಸ್ ಮರದ್ದಾಗಿದ್ದರೆ ಅದು ಅಲ್ಲಿಯದೇ ಆಗಿರುವ ಸಾಧ್ಯತೆ ಜಾಸ್ತಿ. ಸೈಪ್ರೆಸ್ ಅಲ್ಲಿನ ಜೌಗಿನಲ್ಲಿ ಬೆಳೆಯುವ ಮರ, ಹಳೆಯ ಮರವಾದರೆ ತೇವಕ್ಕೂ ಹುಳುವಿಗೂ ಬೇಗ ಜಗ್ಗುವುದಿಲ್ಲ, ಆ ಹವೆಗೆ ಅದೇ ಸರಿ ಅಲ್ವಾ?

1803ರಲ್ಲಿ ಲೂಸಿಯಾನಾ ಅಮೆರಿಕದ ಕೈಗೆ ಬಂತು. ಆಮೇಲೆ ಫ್ರೆಂಚ್ ಥರದ ಕಾಲಿನ ಬೀರುವಿಗೆ, ತೆಳು ಮರದ ಚೂರುಗಳನ್ನು ಕೊರೆದು ಕೂರಿಸುವ ಅಮೆರಿಕನ್ ಶೈಲಿಯ ಅಲಂಕಾರ ಸೇರಿಕೊಂಡಿತು. ನನಗೆ ಈ ಬೆರಕೆಯೇ ಅತಿ ಚೆಂದ ಕಾಣುತ್ತದೆ. ಸಾಂ ದೊಮಿಂಗ್, ಅಂದರೆ ಈಗಿನ ಹೈಟಿಯ ಕ್ರಾಂತಿಯಿಂದ ಓಡಿ ಕ್ಯೂಬಾದಲ್ಲಿದ್ದವರು 1809ರ ಹೊತ್ತಿಗೆ ಸಾವಿರಗಟ್ಟಲೆ ಲೂಸಿಯಾನಾದ ನ್ಯೂ ಆರ್ಲಿಯನ್ಸ್‌ ನಗರಕ್ಕೆ ಬಂದರು, ಅವರಲ್ಲಿ ಕುಶಲಕರ್ಮಿಗಳೂ ಇದ್ದರು.

ಮಾಡಿದವರು ಬರೀ ಬಿಳಿಯರಲ್ಲ. ಗುಲಾಮರೂ ಕೆಲಸ ಮಾಡಿದರು, ಸ್ವತಂತ್ರ ಕಪ್ಪು ಮತ್ತು ಮಿಶ್ರ ವಂಶದ ಬಡಗಿಗಳೂ ಇದ್ದರು. ಡ್ಯುಟ್ರೇ ಬಾರ್ಜೋನ್ ಅಂಥ ಒಬ್ಬ ಹೆಸರಾಂತ ಸ್ವತಂತ್ರ ಬಡಗಿ. ಇನ್ನೊಬ್ಬನ ಹೆಸರೇ ಉಳಿದಿಲ್ಲ. ಹಲಗೆ ಜೋಡಿಸಲು ಚಿಟ್ಟೆ ಆಕಾರದ ಮರದ ತುಂಡು ಬಳಸುತ್ತಿದ್ದುದರಿಂದ ಅವನನ್ನು ಸುಮ್ನೆ 'ಬಟರ್‌ಫ್ಲೈ ಮ್ಯಾನ್' ಎನ್ನುತ್ತಾರೆ.