ಅಮೆರಿಕದ ಅಧ್ಯಕ್ಷರಿಗೆ ಲಗಾಮು ಹಾಕುವವರು ಯಾರು?

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ, ಹಾಗಾಗಿ ಅಲ್ಲಿನ ಸುದ್ದಿ ತಪ್ಪದೆ ನೋಡುತ್ತೇನೆ. ಅಧ್ಯಕ್ಷರು ಒಂದು ಆದೇಶ ಹೊರಡಿಸುತ್ತಾರೆ, ಕೆಲವೇ ದಿನಗಳಲ್ಲಿ ಯಾವುದೋ ಜಿಲ್ಲಾ ಕೋರ್ಟಿನ ಜಡ್ಜ್ ತಡೆ ಕೊಡುತ್ತಾರೆ. ಕೋಟಿಗಟ್ಟಲೆ ಜನ ಗೆಲ್ಲಿಸಿದವರನ್ನು ವೋಟೇ ಕೇಳದ ಒಬ್ಬರು ತಡೆಯೋದು ಪ್ರಜಾಪ್ರಭುತ್ವ ಹೇಗಾಗುತ್ತೆ?
- ನಿವೃತ್ತ ಮೇಷ್ಟ್ರು, ಬಸವನಗುಡಿ

ಉತ್ತರ: ಆಗುತ್ತೆ ಮೇಷ್ಟ್ರೇ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಸಂವಿಧಾನ ಬರೆದವರು ಬ್ರಿಟಿಷ್ ರಾಜನಿಂದ ಬಿಡಿಸಿಕೊಂಡು ಬಂದ ತಲೆಮಾರಿನವರು. ಅವರಿಗೆ ರಾಜನ ಮೇಲಷ್ಟೇ ಅಲ್ಲ, ಬಹುಮತದ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ. ಅದಕ್ಕೇ ಕಾನೂನು ಮಾಡೋದು ಕಾಂಗ್ರೆಸ್ಸಿಗೆ (ಅಲ್ಲಿ ಕಾಂಗ್ರೆಸ್ ಅಂದರೆ ಪಕ್ಷವಲ್ಲ, ಸಂಸತ್ತು), ಜಾರಿ ಮಾಡೋದು ಅಧ್ಯಕ್ಷರಿಗೆ, ತೀರ್ಪು ಕೊಡೋದು ಕೋರ್ಟಿಗೆ ಅಂತ ಹಂಚಿದರು. ಫೆಡರಲ್ (ಅಂದರೆ ಕೇಂದ್ರದ) ಜಡ್ಜ್‌ಗಳಿಗೆ ನಿವೃತ್ತಿ ವಯಸ್ಸಿಲ್ಲ, ಸಂಬಳ ಇಳಿಸುವಂತಿಲ್ಲ. ಯಾರ ಮುಲಾಜೂ ಬೇಡ ಅಂತಲೇ ಹೀಗೆ. ಆದರೆ ಕೋರ್ಟು ಕಾನೂನನ್ನು ರದ್ದು ಮಾಡಬಹುದು ಅಂತ ಆ ಸಂವಿಧಾನದಲ್ಲಿ ನೇರವಾಗಿ ಎಲ್ಲೂ ಬರೆದಿಲ್ಲ. 1803ರಲ್ಲಿ ಮಾರ್ಬರಿ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಆ ಅಧಿಕಾರ ಕೋರ್ಟಿಗಿದೆ ಅಂತ ತೀರ್ಪು ಕೊಟ್ಟರು, ಅದೇ ನಿಂತಿತು.

ಒಂದು ಪ್ರಸಂಗ ನೋಡಿ. 1952, ಕೊರಿಯಾ ಯುದ್ಧ ನಡೀತಾ ಇದೆ. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗೋದರಲ್ಲಿತ್ತು. ಸೈನ್ಯಕ್ಕೆ ಉಕ್ಕು ನಿಂತರೆ ಕಷ್ಟ ಅಂತ ಅಧ್ಯಕ್ಷ ಟ್ರೂಮನ್ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತಗೊಂಡರು. ಮೊದಲು ತಡೆದದ್ದು, ನೀವು ಹೇಳಿದ ಹಾಗೇ, ಒಬ್ಬ ಜಿಲ್ಲಾ ಕೋರ್ಟಿನ ಜಡ್ಜ್. ಜೂನ್ 2ಕ್ಕೆ ಸುಪ್ರೀಂ ಕೋರ್ಟು 6-3ರಲ್ಲಿ ಅದನ್ನೇ ಎತ್ತಿಹಿಡಿಯಿತು: ಕಾಂಗ್ರೆಸ್ ಕೊಡದ ಅಧಿಕಾರವನ್ನು ಅಧ್ಯಕ್ಷರು ತಾವೇ ತಗೊಳ್ಳೋ ಹಾಗಿಲ್ಲ. ಟ್ರೂಮನ್ ತಾವೇ ನೇಮಿಸಿದ್ದ ನಾಲ್ವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಅವರ ವಿರುದ್ಧ ನಿಂತರು. ಯುದ್ಧದ ಮಧ್ಯೆ, ಸೈನ್ಯದ ದಂಡನಾಯಕರೂ ಆಗಿದ್ದ ಅಧ್ಯಕ್ಷರು ತೀರ್ಪಿಗೆ ತಲೆಬಾಗಿ ಕಾರ್ಖಾನೆಗಳನ್ನು ವಾಪಸ್ ಕೊಟ್ಟರು. ನನಗೆ ಇದೇ ದೊಡ್ಡದಾಗಿ ಕಾಣುತ್ತೆ, ಯಾಕಂದ್ರೆ ಕೋರ್ಟಿನ ಕೈಯಲ್ಲಿ ಸೈನ್ಯವೂ ಇಲ್ಲ, ಖಜಾನೆಯೂ ಇಲ್ಲ. ತೀರ್ಪಿಗೆ ಬೆಲೆ ಬರೋದು ಸೋತವರು ಅದನ್ನು ಪಾಲಿಸಿದಾಗ ಮಾತ್ರ. ಜನ ವೋಟು ಹಾಕಿದ್ದು ಅಧ್ಯಕ್ಷರ ಕುರ್ಚಿಗೆ, ಆ ಕುರ್ಚಿಗೆ ಇಷ್ಟೇ ಅಧಿಕಾರ ಅಂತ ಹೇಳೋದು ಸಂವಿಧಾನ.

ಪ್ರಶ್ನೆ: ಅಲ್ಲೂ ನಮ್ಮಲ್ಲಿ ಹಾಗೆ ರಾಜ್ಯ ಸರ್ಕಾರ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಬಹುದಾ?
- ಕಾನೂನು ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಇಲ್ಲಮ್ಮ. ಅಲ್ಲಿ ಗವರ್ನರನ್ನು ಆಯಾ ರಾಜ್ಯದ ಜನರೇ ಆರಿಸುತ್ತಾರೆ, ವಾಷಿಂಗ್ಟನ್ ಕಳಿಸಿಕೊಡೋದಲ್ಲ. ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರವೆಲ್ಲ ರಾಜ್ಯಗಳದ್ದು ಅಥವಾ ಜನರದ್ದು ಅಂತ 1791ರ ಹತ್ತನೇ ತಿದ್ದುಪಡಿ ಹೇಳುತ್ತೆ. ನಮ್ಮಲ್ಲಿ 356ನೇ ವಿಧಿ ಇದೆ. ಅದು ಎಷ್ಟು ಹರಿತ ಅಂತ ಬೆಂಗಳೂರಿಗೆ ಹೊಸದಾಗಿ ಹೇಳಬೇಕಿಲ್ಲ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ವಿಧಾನಸಭೆಯಲ್ಲಿ ಬಹುಮತ ತೋರಿಸೋ ಅವಕಾಶವನ್ನೇ ಕೊಡದೆ ವಜಾ ಮಾಡಿದರು. ಅದು ತಪ್ಪು, ಬಹುಮತದ ತೀರ್ಮಾನ ಆಗಬೇಕಾದದ್ದು ಸದನದಲ್ಲೇ ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು 1994ರಲ್ಲಿ. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು, ಬೊಮ್ಮಾಯಿಯವರಿಗೆ ಕುರ್ಚಿ ವಾಪಸ್ ಬರಲಿಲ್ಲ. ಆದರೆ ಇವತ್ತು ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಮೊದಲು ವಿಶ್ವಾಸಮತ ಅನ್ನೋ ಮಾತು ಬರೋದು ಆ ತೀರ್ಪಿನಿಂದಲೇ. ಪರೀಕ್ಷೆಗೆ ಅಂತ ಅಲ್ಲದಿದ್ದರೂ ಅದನ್ನು ಪೂರ್ತಿ ಓದಿ.

ಪ್ರಶ್ನೆ: ಕಡಿಮೆ ವೋಟು ಬಂದವರೂ ಅಲ್ಲಿ ಅಧ್ಯಕ್ಷರಾಗುತ್ತಾರಂತೆ, ನಿಜವಾ?
- ಓದುಗರೊಬ್ಬರು, ಯಲಹಂಕ

ಉತ್ತರ: ನಿಜ. 2000ದಲ್ಲೂ 2016ರಲ್ಲೂ ಹಾಗೇ ಆಯಿತು. ಲೆಕ್ಕಕ್ಕೆ ಬರೋದು ರಾಜ್ಯವಾರು ಸಿಗುವ 538 ಎಲೆಕ್ಟರ್ (ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ) ಮತಗಳು, ಗೆಲ್ಲೋಕೆ 270 ಸಾಕು. ಚಿಕ್ಕ ರಾಜ್ಯಕ್ಕೂ ಕನಿಷ್ಠ ಮೂರು ಸಿಗೋದರಿಂದ ಅಲ್ಲಿನ ಒಂದು ವೋಟಿನ ತೂಕ ಜಾಸ್ತಿ. ಇದರ ಹುಟ್ಟಿನಲ್ಲಿ ಗುಲಾಮಗಿರಿಯ ಕಲೆಯೂ ಇದೆ: ವೋಟೇ ಇಲ್ಲದ ಗುಲಾಮರನ್ನು ಜನಸಂಖ್ಯೆಯ ಲೆಕ್ಕದಲ್ಲಿ ಐದರಲ್ಲಿ ಮೂರು ಪಾಲು ಅಂತ ಎಣಿಸಿ ದಕ್ಷಿಣದ ರಾಜ್ಯಗಳು ಹೆಚ್ಚು ಬಲ ಪಡೆದವು. ಇದು ಬದಲಾಗಬೇಕು ಅಂತ ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ತಿದ್ದುಪಡಿಗೆ ಕಾಂಗ್ರೆಸ್ಸಿನ ಎರಡೂ ಸದನದಲ್ಲಿ ಮೂರನೇ ಎರಡು ಬಹುಮತ ಬಂದು, ಆಮೇಲೆ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. ಈ ಪದ್ಧತಿಯಿಂದ ಲಾಭ ಪಡೆಯೋ ಚಿಕ್ಕ ರಾಜ್ಯಗಳೂ ಅದರಲ್ಲಿ ಸೇರಬೇಕಾಗುತ್ತೆ, ಅಲ್ವಾ?